ಕೋಪರ್ನಿಕಸ್ ಕುಳಿನ ಟೆಲಿಸ್ಕೋಪಲ್ಲಿ ಸರಿಯಾಗಿ ನೋಡೋದು ಹೇಗೆ: ಹೊರಗಿಂದ ಒಳಗೆ, ಹಂತ ಹಂತವಾಗಿ

ಚಂದ್ರನ ಕುಳಿ ನೋಡೋಕೆ ಹೋಗಿ ಬೇಜಾರು ಮಾಡ್ಕೊಂಡು ಬಂದವ್ರು ಹೇಳೋದು ಹೆಚ್ಚುಕಮ್ಮಿ ಮೂರೇ ಮಾತು. ಬಿಳಿ ಚುಕ್ಕೆ ಬಿಟ್ರೆ ಏನೂ ಕಾಣ್ಲಿಲ್ಲ ಅಂತ ಒಬ್ರು. ಗುಂಡಿ ಇರ್ಬೇಕಾದ ಜಾಗದಲ್ಲಿ ಗುಡ್ಡ ಉಬ್ಬಿರೋ ಥರ ಕಾಣ್ತಿದೆ ಅಂತ ಇನ್ನೊಬ್ರು. ಮ್ಯಾಪ್ ಪಕ್ಕದಲ್ಲೇ ಇಟ್ಕೊಂಡು ನೋಡಿದ್ರೂ ಒಂದೂ ತಾಳೆ ಆಗ್ತಿಲ್ಲ ಅಂತ ಮತ್ತೊಬ್ರು. ಮೂರಕ್ಕೂ ಟೆಲಿಸ್ಕೋಪ್ ಕಾರಣ ಅಲ್ಲ, ಮುಂದಿನ ಲೆನ್ಸೋ ಕನ್ನಡಿನೋ 70 ಮಿಮೀ ಅಗಲ ಇರೋ ಪುಟ್ಟ ಟೆಲಿಸ್ಕೋಪಲ್ಲೂ ಕೋಪರ್ನಿಕಸ್ ಚೆನ್ನಾಗೇ ಕಾಣತ್ತೆ. ತಪ್ಪೋದು ದಿನ ಮತ್ತೆ ಕ್ರಮ: ಹುಣ್ಣಿಮೆ ದಿನ ಹೋಗಿ, ಮೊದಲೇ ದೊಡ್ಡ ಪವರ್ ಹಾಕಿ (ಅಂದ್ರೆ ತುಂಬಾ ಪಟ್ಟು ದೊಡ್ಡದು ಮಾಡಿ), ಸೀದಾ ಕುಳಿ ಒಳಗೆ ಇಣುಕೋದು. ಕೆಳಗೆ ಇರೋ ಕ್ರಮ ಅದರ ಉಲ್ಟಾ, ದಯವಿಟ್ಟು ಹಂತ ಹಾರಿಸ್ಬೇಡಿ.

ಕೋಪರ್ನಿಕಸ್ಸೇ ಯಾಕೆ ಅಂದ್ರೆ, ಒಂದು ದೊಡ್ಡ ಇಂಪ್ಯಾಕ್ಟ್ ಕುಳಿಗೆ, ಅಂದ್ರೆ ಬಾಹ್ಯಾಕಾಶದಿಂದ ಬಂಡೆ ಬಂದು ಡಿಕ್ಕಿ ಹೊಡೆದು ಆದ ಕುಳಿಗೆ, ಏನೇನು ಇರ್ಬೇಕೋ ಅದೆಲ್ಲ ಇದರಲ್ಲಿದೆ. ಸುಮಾರು 93 ಕಿಮೀ ಅಗಲ, 3.8 ಕಿಮೀ ಆಳ, ಮೆಟ್ಟಿಲು ಮೆಟ್ಟಿಲಾಗಿ ಕುಸಿದ ಗೋಡೆ, ನಡುವೆ ಬೆಟ್ಟ, ಹೊರಗಡೆ ಎರಚಿದ ಕಲ್ಲುಮಣ್ಣು, ಅದರಾಚೆ ಮರಿಕುಳಿಗಳ ಸಾಲು, ಇನ್ನೂ ಆಚೆಗೆ ಬಿಳಿ ಕಿರಣಗಳು (ಬೆಳಕಿನ ಕಿರಣ ಅಲ್ಲ, ಎರಚಿದ ಸರಕು ನೆಲದ ಮೇಲೆ ಗೆರೆ ಗೆರೆಯಾಗಿ ಹರಡಿದ್ದು). ಚಂದ್ರನ ಮುಖದ ಮಧ್ಯಕ್ಕೆ ಹತ್ರಾನೇ ಇರೋದ್ರಿಂದ ಓರೆಯಾಗಿ ಚಪ್ಪಟೆ ಕಾಣೋ ತೊಂದ್ರೆನೂ ಕಮ್ಮಿ. ಇದನ್ನ ಓದೋಕೆ ಕಲಿತ್ರೆ ಬೇರೆ ಕುಳಿಗಳೂ ಓದೋಕೆ ಬರತ್ತೆ.

## ಏನೇನು ಬೇಕು

ಟೆಲಿಸ್ಕೋಪ್ 70 ಮಿಮೀ ಇಂದ ಮೇಲೆ ಯಾವುದಾದ್ರೂ ಸರಿ, 100 ಇಂದ 150 ಆದ್ರೆ ಖುಷಿ. ಐಪೀಸ್ (ಕಣ್ಣಿಟ್ಟು ನೋಡೋ ಕಡೆ ಹಾಕೋ ಲೆನ್ಸ್) ಎರಡು ಸಾಕು, ಒಂದು 40-50 ಪಟ್ಟು ದೊಡ್ಡದು ಮಾಡೋದು, ಇನ್ನೊಂದು 120-150 ಪಟ್ಟು. ಟೆಲಿಸ್ಕೋಪಿನ ಫೋಕಲ್ ಲೆಂತ್‌ನ ಐಪೀಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದ್ರೆ ಎಷ್ಟು ಪಟ್ಟು ಅಂತ ಸಿಗತ್ತೆ.

ಟೆಲಿಸ್ಕೋಪಿಗಿಂತ ಮುಖ್ಯ ಅಲ್ಲಾಡದೇ ಇರೋ ಸ್ಟ್ಯಾಂಡ್. ಟ್ಯೂಬ್ ತಟ್ಟಿ ನೋಡಿ, ಎರಡು ಮೂರು ಸೆಕೆಂಡ್ ಆದ್ಮೇಲೂ ಚಂದ್ರ ನಡುಗ್ತಾ ಇದ್ರೆ ಕಾಲುಗಳನ್ನ ಪೂರ್ತಿ ಕುಗ್ಗಿಸಿ, ಕುರ್ಚಿ ಹಾಕ್ಕೊಂಡು ಕೂತು ನೋಡಿ.

ಮ್ಯಾಪಿಗೆ ವರ್ಚುವಲ್ ಮೂನ್ ಅಟ್ಲಾಸ್ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ. ಅದರಲ್ಲಿ ಚಿತ್ರನ ತಲೆಕೆಳಗೆ ಮಾಡ್ಬಹುದು, ಎಡಬಲ ತಿರುಗಿಸ್ಬಹುದು, ಆ ಹೊತ್ತಿಗೆ ಬೆಳಕು ಎಲ್ಲಿದೆ ಅಂತನೂ ತೋರಿಸತ್ತೆ. ಪೆನ್ಸಿಲ್, ಹಾಳೆ, ಗಡಿಯಾರ ಇಟ್ಕೊಳ್ಳಿ. ಚಂದ್ರನ ಬೆಳಕು ತಗ್ಗಿಸೋ ಮೂನ್ ಫಿಲ್ಟರ್ ಇದ್ರೆ ಸರಿ, ಇಲ್ದಿದ್ರೆ ಅದಕ್ಕೆ ಅಂತ ದುಡ್ಡು ಹಾಕ್ಬೇಡಿ. ಚಂದ್ರನ ಬೆಳಕಿಂದ ಕಣ್ಣಿಗೆ ಅಪಾಯ ಇಲ್ಲ, ಕುಕ್ಕಿದಂಗೆ ಆಗತ್ತೆ ಅಷ್ಟೇ. ಪಕ್ಕದಲ್ಲಿ ಒಂದು ಸಾಧಾರಣ ದೀಪ ಹಚ್ಚಿಟ್ಕೊಂಡ್ರೂ ಅದು ಕಮ್ಮಿ ಆಗತ್ತೆ.

## ಹಂತ 1: ದಿನ ಆರಿಸ್ಕೊಳ್ಳಿ

ಅರ್ಧ ಕೆಲಸ ಇಲ್ಲೇ ಮುಗಿಯತ್ತೆ, ಮುಕ್ಕಾಲುಪಾಲು ಜನ ಸೋಲೋದೂ ಇಲ್ಲೇ.

ಚಂದ್ರನ ಮೇಲೆ ಬೆಳಕು-ಕತ್ತಲಿನ ಗಡಿ ಇದೆಯಲ್ಲ, ಟರ್ಮಿನೇಟರ್ ಅಂತಾರೆ, ಅದರ ಹತ್ರ ಇರೋ ಜಾಗದಲ್ಲಿ ಆಗ ತಾನೇ ಸೂರ್ಯ ಹುಟ್ಟಿರ್ತಾನೆ. ಸೂರ್ಯ ತಗ್ಗಲ್ಲಿದ್ರೆ ನೆರಳು ಉದ್ದ, ನೆರಳು ಉದ್ದ ಇದ್ರೆ ಮಾತ್ರ ಎತ್ತರ ತಗ್ಗು ಕಣ್ಣಿಗೆ ಬೀಳತ್ತೆ. ಹುಣ್ಣಿಮೆ ದಿನ ಬೆಳಕು ನಮ್ಮ ಬೆನ್ನ ಹಿಂದಿಂದ ಬಿದ್ದಂಗೆ ಆಗತ್ತೆ, ನೆರಳೇ ಇರಲ್ಲ, ಹಾಗಾಗಿ ನಾಲ್ಕು ಕಿಮೀ ಹತ್ರತ್ರ ಆಳ ಇರೋ ಗುಂಡಿನೂ ಸಪಾಟು ಬಿಳಿ ಕಲೆ.

ಕೋಪರ್ನಿಕಸ್ ಇರೋದು ಸುಮಾರು 20 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ. ಈ ಗಡಿ ದಿನಕ್ಕೆ ಸುಮಾರು 12 ಡಿಗ್ರಿ ಸರಿಯತ್ತೆ. ಅರ್ಧಚಂದ್ರ ಆದ ಒಂದೂವರೆ ದಿನದ ಮೇಲೆ ಅಲ್ಲಿ ಸೂರ್ಯೋದಯ. ಕ್ಯಾಲೆಂಡರಲ್ಲಿ ಹುಡುಕೋಕೆ ಸುಲಭ ಆಗ್ಲಿ ಅಂದ್ರೆ ತಿಥಿ ಹಿಡ್ಕೊಳ್ಳಿ:

- ಶುಕ್ಲ ನವಮಿ: ಪೂರ್ವದ ಅಕ್ಕಪಕ್ಕ, ಅಂದ್ರೆ ಎರಟೋಸ್ತನೀಸ್ ಮತ್ತು ಸ್ಟೇಡಿಯಸ್ ಅನ್ನೋ ಕುಳಿಗಳು
- ಶುಕ್ಲ ದಶಮಿ: ಕೋಪರ್ನಿಕಸ್ಸಿನ ಗೋಡೆ, ತಳ
- ಶುಕ್ಲ ಏಕಾದಶಿ: ಪಶ್ಚಿಮದ ಎರಚಲು, ಗುಮ್ಮಟದಂಥ ದಿಬ್ಬಗಳು
- ಹುಣ್ಣಿಮೆ: ಬರೀ ಕಿರಣ
- ಕೃಷ್ಣ ನವಮಿ-ದಶಮಿ ಬೆಳಗಿನ ಜಾವ: ಅಲ್ಲಿನ ಸೂರ್ಯಾಸ್ತ

ಚಂದ್ರ ಸ್ವಲ್ಪ ಆ ಕಡೆ ಈ ಕಡೆ ಮುಖ ತಿರುಗಿಸೋದ್ರಿಂದ ಇದು ಅರ್ಧ ದಿನ ಹಿಂದೆ ಮುಂದೆ ಆಗ್ಬಹುದು. ದಶಮಿ ಸಂಜೆ ನೋಡಿದ್ರೆ ಕುಳಿ ಇನ್ನೂ ಕತ್ತಲಲ್ಲೇ ಇದೆ ಅನ್ನಿ, ಗಾಬರಿ ಬೇಡ, ಎರಡು ಮೂರು ಗಂಟೆ ಬಿಟ್ಟು ನೋಡಿ ಇಲ್ಲಾ ಮಾರನೇ ದಿನ ನೋಡಿ.

ತಪ್ಪಿನ ಸೂಚನೆ: ಕುಳಿ ಒಳಗೆ ಕಪ್ಪು ನೆರಳು ಒಂಚೂರೂ ಇಲ್ಲ ಅಂದ್ರೆ ನೀವು ತಡವಾಗಿ ಬಂದಿದ್ದೀರ. ಪವರ್ ಜಾಸ್ತಿ ಮಾಡಿ ಏನೂ ಪ್ರಯೋಜನ ಇಲ್ಲ.

## ಹಂತ 2: ಟೆಲಿಸ್ಕೋಪನ್ನ ಹೊರಗಿಟ್ಟು ಕಾಯಿರಿ

ಮನೆ ಒಳಗಿಂದ ತಂದ ತಕ್ಷಣ ನೋಡ್ಬೇಡಿ. ಕನ್ನಡಿ, ಲೆನ್ಸು, ಟ್ಯೂಬಿನ ಒಳಗಿನ ಗಾಳಿ ಎಲ್ಲ ಹೊರಗಿನ ತಾಪಕ್ಕೆ ಬರ್ಬೇಕು, ಚಿಕ್ಕದಕ್ಕೆ ಅರ್ಧ ಗಂಟೆ ಸಾಕು, ದೊಡ್ಡ ಕನ್ನಡಿಗೆ ಒಂದು ಗಂಟೆ ಮೇಲೂ ಬೇಕಾಗತ್ತೆ. ಕಿಟಕಿ ಗಾಜಿನ ಹಿಂದಿಂದ ನೋಡೋದು ಬೇಡವೇ ಬೇಡ. ಹಗಲೆಲ್ಲ ಕಾದ ಕಾಂಕ್ರೀಟ್ ಟೆರೇಸಿಗಿಂತ ಹುಲ್ಲು ಅಥವಾ ಮಣ್ಣಿನ ನೆಲ ಮೇಲು. ಚಂದ್ರ ಸಾಕಷ್ಟು ಮೇಲೆ ಬಂದಿರ್ಬೇಕು, ದಿಗಂತದ ಹತ್ರ ಇದ್ರೆ ದಪ್ಪ ಗಾಳಿ ಪದರ ದಾಟಿ ನೋಡ್ಬೇಕಾಗತ್ತೆ.

ಚಂದ್ರನ ಅಂಚು ಕುದಿಯೋ ನೀರಿನ ಥರ ಅಲೆ ಅಲೆಯಾಗಿ ಕಾಣ್ತಿದ್ರೆ ಆವತ್ತು ದೊಡ್ಡ ಪವರ್ ಮರ್ತುಬಿಡಿ. ಅಂಚು ಸ್ಥಿರ ಇದೆ ಆದ್ರೂ ಒಳಗೆ ಮಸುಕು ಅಂದ್ರೆ ಫೋಕಸ್ಸೋ, ಕನ್ನಡಿ ಹೊಂದಾಣಿಕೆನೋ, ಲೆನ್ಸ್ ಮೇಲೆ ಕೂತ ಇಬ್ಬನಿನೋ ನೋಡಿ.

## ಹಂತ 3: ದಿಕ್ಕು ಗಟ್ಟಿ ಮಾಡ್ಕೊಳ್ಳಿ

ಮ್ಯಾಪ್ ತಾಳೆ ಆಗದೇ ಇರೋದಕ್ಕೆ ಕಾರಣ ಇದೇ. ನ್ಯೂಟೋನಿಯನ್ ಅನ್ನೋ ಕನ್ನಡಿ ಟೆಲಿಸ್ಕೋಪ್ ಚಿತ್ರನ ಪೂರ್ತಿ ತಲೆಕೆಳಗೆ ಮಾಡತ್ತೆ, ಮ್ಯಾಪನ್ನ 180 ಡಿಗ್ರಿ ತಿರುಗಿಸಿ ಹಿಡಿದ್ರೆ ಸರಿಹೋಗತ್ತೆ. ಲೆನ್ಸ್ ಟೆಲಿಸ್ಕೋಪಿಗೆ ಹಿಂದೆ ಕನ್ನಡಿ ಇರೋ ಡಯಾಗನಲ್ ಹಾಕಿದ್ರೆ ಚಿತ್ರ ನೆಟ್ಟಗಿರತ್ತೆ, ಆದ್ರೆ ಎಡ ಬಲ ಅದಲುಬದಲು. ಅದನ್ನ ಮ್ಯಾಪ್ ತಿರುಗಿಸಿ ಸರಿ ಮಾಡೋಕೆ ಆಗಲ್ಲ, ಹೇಗೆ ಹಿಡಿದ್ರೂ ಕೂರಲ್ಲ, ಸಾಫ್ಟ್‌ವೇರಲ್ಲಿ ಕನ್ನಡಿ ಚಿತ್ರ ಮಾಡ್ಕೊಳ್ಳೇಬೇಕು.

ಪೂರ್ವ ಪಶ್ಚಿಮದ ಇನ್ನೊಂದು ತಲೆನೋವಿದೆ. ಚಂದ್ರನ ಮೇಲೆ ನಿಂತವ್ನ ಲೆಕ್ಕದಲ್ಲಿ ದಿಕ್ಕು ಹೇಳೋದು 1961ರಿಂದ ರೂಢಿ, ಅದಕ್ಕೆ ಮುಂಚಿನ ಮ್ಯಾಪುಗಳಲ್ಲಿ ಉಲ್ಟಾ ಇರತ್ತೆ. ಈಗಿನ ಲೆಕ್ಕಕ್ಕೆ, ಅಂಚಿನ ಹತ್ರ ಒಂಟಿಯಾಗಿ ಮೊಟ್ಟೆ ಆಕಾರದಲ್ಲಿ ಕಪ್ಪಗಿರೋ ಮೇರೆ ಕ್ರಿಸಿಯಂ (ಮೇರೆ ಅಂದ್ರೆ ಲಾವಾ ತುಂಬಿದ ಕಪ್ಪು ಬಯಲು) ಇರೋ ಕಡೆ ಚಂದ್ರನ ಪೂರ್ವ. ಉತ್ತರಕ್ಕೆ ಪ್ಲೇಟೋ ಹಿಡ್ಕೊಳ್ಳಿ, ತಳ ಕಪ್ಪಗೆ ನುಣ್ಣಗಿರೋ ಕುಳಿ, ಅದನ್ನ ಬೇರೆ ಯಾವುದೋ ಅಂದ್ಕೊಳ್ಳೋಕೆ ಸಾಧ್ಯ ಇಲ್ಲ.

ಡೌಟ್ ಇದ್ರೆ ಟ್ರ್ಯಾಕಿಂಗ್ (ಚಂದ್ರನ ಹಿಂದೆ ಟೆಲಿಸ್ಕೋಪ್ ತಿರುಗಿಸೋ ಮೋಟರ್) ಆಫ್ ಮಾಡಿ ಚಂದ್ರ ಜಾರೋಕೆ ಬಿಡಿ. ಯಾವ ಅಂಚು ಮೊದಲು ಆಚೆ ಹೋಗತ್ತೋ ಅದು ಚಂದ್ರನ ಪೂರ್ವ. ಟೆಲಿಸ್ಕೋಪ್ ಯಾವುದೇ ಇರ್ಲಿ ಇದು ತಪ್ಪಲ್ಲ.

## ಹಂತ 4: ಕಮ್ಮಿ ಪವರಲ್ಲಿ ಸುತ್ತಮುತ್ತ ಓಡಾಡಿ

50 ಪಟ್ಟಿನ ಐಪೀಸ್ ಹಾಕಿ, ಕೋಪರ್ನಿಕಸ್ ಒಳಗೆ ಹೋಗ್ಬೇಡಿ ಇನ್ನೂ.

ಅಪೆನೈನ್ ಬೆಟ್ಟಸಾಲನ್ನ ಹಿಡ್ಕೊಂಡು ನೈರುತ್ಯಕ್ಕೆ ಬನ್ನಿ, ಸಾಲು ಮುಗಿಯೋ ತುದಿಯಲ್ಲಿ ಒಂದು ಖಡಕ್ ಕುಳಿ ಇದೆ, ಅದು ಎರಟೋಸ್ತನೀಸ್, ಸುಮಾರು 58 ಕಿಮೀ. ಅಲ್ಲಿಂದ ಇನ್ನೂ ಮುಂದೆ ಪಶ್ಚಿಮ-ನೈರುತ್ಯಕ್ಕೆ ಸುಮಾರು 300 ಕಿಮೀ ಹೋದ್ರೆ ಕೋಪರ್ನಿಕಸ್. ಉತ್ತರದಲ್ಲಿ ಕಾರ್ಪೇಥಿಯನ್ ಬೆಟ್ಟಗಳು, ಅದರಾಚೆ ಮೇರೆ ಇಂಬ್ರಿಯಂ. ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಎರಡು ಚಿಕ್ಕ ಕುಳಿ ಅಂಟ್ಕೊಂಡು ಬೀಗದ ಕೈ ತೂತಿನ ಆಕಾರದಲ್ಲಿರೋದು ಫೌತ್. ಫೌತ್ ಸಿಕ್ಕಿತು ಅಂದ್ರೆ ನಿಮ್ಮ ದಿಕ್ಕು ಸರಿ ಇದೆ.

ಈಗ ಎರಟೋಸ್ತನೀಸ್ ಮತ್ತು ಕೋಪರ್ನಿಕಸ್ ನಡುವೆ, ಎರಟೋಸ್ತನೀಸಿಗೇ ಹತ್ರ, ಸ್ಟೇಡಿಯಸ್ ಹುಡುಕಿ. ಅಗಲ ಸುಮಾರು 69 ಕಿಮೀ, ಅಂದ್ರೆ ಎರಟೋಸ್ತನೀಸಿಗಿಂತ ದೊಡ್ಡದು, ಆದ್ರೂ ಎಷ್ಟೋ ಜನಕ್ಕೆ ಕಾಣೋದೇ ಇಲ್ಲ. ಹಳೇ ಲಾವಾ ಬಂದು ತುಂಬ್ಕೊಂಡು ಗೋಡೆಯ ತುದಿ ಮಾತ್ರ ಅಲ್ಲಲ್ಲಿ ಉಳಿದಿದೆ. ಇದಕ್ಕೆ ಸೂರ್ಯ ತುಂಬಾ ತಗ್ಗಲ್ಲಿರ್ಬೇಕು, ಅದಕ್ಕೇ ನವಮಿ ಅಂದಿದ್ದು, ಕೋಪರ್ನಿಕಸ್ಸಿಗಿಂತ ಸುಮಾರು 13 ಗಂಟೆ ಮೊದಲೇ ಅಲ್ಲಿ ಸೂರ್ಯ ಹುಟ್ಟತ್ತೆ. ದಶಮಿ ಹೊತ್ತಿಗೆ ಅರ್ಧ ಮಾಯ ಆಗಿರತ್ತೆ.

ಈ ಮೂರನ್ನ ಒಟ್ಟಿಗೆ ನೋಡಿದ್ರೆ ವಯಸ್ಸಿನ ಕ್ರಮ ಗೊತ್ತಾಗತ್ತೆ: ಲಾವಾದಲ್ಲಿ ಮುಳುಗಿದ ಸ್ಟೇಡಿಯಸ್ ಎಲ್ಲಕ್ಕಿಂತ ಹಳೇದು, ಗೋಡೆ ಚೆನ್ನಾಗಿದ್ರೂ ಕಿರಣ ಅಳಿಸಿಹೋಗಿರೋ ಎರಟೋಸ್ತನೀಸ್ ಮಧ್ಯದ್ದು, ಕಿರಣ ಇನ್ನೂ ಉಳಿಸ್ಕೊಂಡಿರೋ ಕೋಪರ್ನಿಕಸ್ ಹೊಸದು. ಹೊಸದು ಅಂದ್ರೂ ಸುಮಾರು 80 ಕೋಟಿ ವರ್ಷ, ಚಂದ್ರನ ಲೆಕ್ಕದಲ್ಲಿ ಅದು ಮೊನ್ನೆ ಮೊನ್ನೆ.

## ಹಂತ 5: ಅಂಚು, ಆಮೇಲೆ ಗೋಡೆ

ಈಗ ಪವರ್ ಜಾಸ್ತಿ ಮಾಡಿ, 120 ಸಾಕು. ಗಾಳಿ ಒಪ್ಪಿದ್ರೆ ಮಾತ್ರ 150.

ಮೊದಲು ಅಂಚಿನ ಸುತ್ತ ಒಂದು ಸುತ್ತು ಕಣ್ಣು ಹಾಯಿಸಿ. ದುಂಡಗೆ ಅಂದ್ಕೊಂಡಿದ್ದು ನೋಡ್ತಾ ನೋಡ್ತಾ ಮೂಲೆ ಮೂಲೆ ಆಗತ್ತೆ, ಆರು ಮೂಲೆ ಅಂತಾನೇ ಹೇಳ್ಬಹುದು. ಆಮೇಲೆ ಒಳಗೋಡೆ. ಶುಕ್ಲ ಪಕ್ಷದಲ್ಲಿ ಸೂರ್ಯ ಪೂರ್ವದಿಂದ ಬರೋದ್ರಿಂದ ಪೂರ್ವದ ಒಳಗೋಡೆ ಕಪ್ಪು, ಪಶ್ಚಿಮದ ಒಳಗೋಡೆ ಫಳಫಳ. ಮೆಟ್ಟಿಲುಗಳನ್ನ ಆ ಪಶ್ಚಿಮದ ಗೋಡೇಲಿ ಹುಡುಕಿ: ತೆಳು ಕಪ್ಪು ಗೆರೆ, ಬಿಳಿ ಪಟ್ಟಿ, ಮತ್ತೆ ಕಪ್ಪು ಗೆರೆ. ಡಿಕ್ಕಿ ಹೊಡೆದಾಗ ಆದ ಗುಂಡಿಯ ಗೋಡೆ ಕಡಿದಾಗಿದ್ದು, ತನ್ನ ಭಾರ ತಾನೇ ತಡೀಲಾರದೆ ದೊಡ್ಡ ದೊಡ್ಡ ಹೋಳಾಗಿ ಒಳಗೆ ಜಾರಿ ಕೂತಿದ್ದು ಈ ಮೆಟ್ಟಿಲು. ಚಿಕ್ಕ ಕುಳಿಗಳಲ್ಲಿ ಇದು ಇರಲ್ಲ, ಅವು ಬರೀ ಬಟ್ಟಲು. ಚಂದ್ರನ ಮೇಲೆ ಸುಮಾರು 15-20 ಕಿಮೀ ದಾಟಿದ ಕುಳಿಗಳಲ್ಲಿ ಮಾತ್ರ ಗೋಡೆ ಕುಸಿತ, ನಡುಬೆಟ್ಟ ಎಲ್ಲ ಶುರು ಆಗತ್ತೆ.

ಗುಂಡಿ ಬದಲು ಗುಡ್ಡ ಕಾಣ್ತಿದೆ ಅನ್ನೋರು ಇಲ್ಲಿ ನಿಂತು ಯೋಚ್ನೆ ಮಾಡಿ. ಸೂರ್ಯ ಯಾವ ಕಡೆ ಇದೆ? ಸೂರ್ಯನ ಕಡೆಯ ಪಕ್ಕ ಕಪ್ಪಗಿದ್ರೆ ಅದು ಗುಂಡಿ, ಸೂರ್ಯನ ಕಡೆಯ ಪಕ್ಕ ಬೆಳ್ಳಗಿದ್ರೆ ಗುಡ್ಡ. ಮಿದುಳು ಬೆಳಕು ಮೇಲಿಂದನೇ ಬರತ್ತೆ ಅಂತ ಊಹೆ ಮಾಡ್ಕೊಂಡಿರತ್ತೆ, ತಲೆಕೆಳಗಾದ ಚಿತ್ರದಲ್ಲಿ ಅದಕ್ಕೇ ಮೋಸ ಹೋಗತ್ತೆ. ಕಣ್ಣು ತೆಗೆದು, ಸೂರ್ಯ ಇರೋ ದಿಕ್ಕು ಮನಸಲ್ಲಿ ಇಟ್ಕೊಂಡು ಮತ್ತೆ ನೋಡಿ, ತಟ್ಟಂತ ಒಳಗೆ ಬಿದ್ದು ಗುಂಡಿ ಆಗತ್ತೆ.

## ಹಂತ 6: ತಳ ಮತ್ತು ನಡುಬೆಟ್ಟ

ಸೂರ್ಯ ಹುಟ್ಟಿದ ತಕ್ಷಣ ಒಳಗೆಲ್ಲ ಇದ್ದಿಲು ಕಪ್ಪು. ಪೂರ್ವದ ಅಂಚಿನ ನೆರಳು ನಡುಬೆಟ್ಟನ ಮುಚ್ಕೊಂಡಿರತ್ತೆ. ಚಂದ್ರನ ಮೇಲೆ ಸೂರ್ಯ ಗಂಟೆಗೆ ಅರ್ಧ ಡಿಗ್ರಿ ಅಷ್ಟೇ ಏರೋದು, ಹಾಗಾಗಿ ಸೂರ್ಯ 3-4 ಡಿಗ್ರಿ ಏರೋ ತನಕ ಅಂದ್ರೆ ಆರೇಳು ಗಂಟೆ ಆದ್ಮೇಲೆ ಕಪ್ಪಿನ ನಡುವೆ ಒಂದೆರಡು ಬೆಳಕಿನ ಚುಕ್ಕಿ ಹೊತ್ಕೊಳ್ಳತ್ತೆ, ಅದು ಬೆಟ್ಟದ ತುದಿ. ನನ್ನ ಪ್ರಕಾರ ಇಡೀ ಚಂದ್ರನಲ್ಲಿ ನೋಡಲೇಬೇಕಾದ ಹೊತ್ತು ಇದು, ಆದ್ರೆ ನಿಮ್ಮೂರಿನ ರಾತ್ರಿ ಹೊತ್ತಿಗೆ ಅದು ಕೂಡಿ ಬರ್ಬೇಕು, ಪ್ರತಿ ತಿಂಗಳೂ ಬರಲ್ಲ.

ಬೆಟ್ಟ ಒಂದೇ ಅಲ್ಲ, ಮೂರು ಗುಂಪು, ಎತ್ತರ ಸುಮಾರು ಒಂದು ಕಿಮೀ. ಡಿಕ್ಕಿ ಆದಾಗ ಆಳದ ಬಂಡೆ ಒತ್ತಿ, ಆಮೇಲೆ ಮೇಲಕ್ಕೆ ಚಿಮ್ಮಿ ನಿಂತಿದ್ದು, ಜ್ವಾಲಾಮುಖಿ ಅಲ್ಲ. ಅಲ್ಲಿ ಆಲಿವಿನ್ ಅನ್ನೋ ಖನಿಜ ಸಿಕ್ಕಿದೆ, ಮೇಲ್ಮೈ ಕೆಳಗಿನ ಸರಕು ಹೊರಗೆ ಬಂದಿದೆ ಅನ್ನೋದಕ್ಕೆ ಅದು ಗುರುತು. ತಳದ ಉತ್ತರ ಅರ್ಧ ನುಣ್ಣಗೆ, ದಕ್ಷಿಣ ಅರ್ಧ ಗುಪ್ಪೆ ಗುಪ್ಪೆ. ಇಷ್ಟು ವ್ಯತ್ಯಾಸ 100 ಮಿಮೀ ಟೆಲಿಸ್ಕೋಪಲ್ಲಿ ಗೊತ್ತಾಗ್ಬೇಕು.

ಒಂದು ಎಚ್ಚರಿಕೆ. 1966ರಲ್ಲಿ ಲೂನಾರ್ ಆರ್ಬಿಟರ್ 2 ಅನ್ನೋ ನೌಕೆ ದಕ್ಷಿಣದ ಕಡೆಯಿಂದ ಓರೆಯಾಗಿ ತೆಗೆದ ಕೋಪರ್ನಿಕಸ್ ಫೋಟೋ ಎಲ್ಲಾ ಕಡೆ ಓಡಾಡತ್ತೆ, ಅದನ್ನ ನೋಡಿ ಬಂದವ್ರಿಗೆ ಐಪೀಸಲ್ಲಿ ನಿರಾಸೆ ಆಗತ್ತೆ. ನಾವು ನೋಡೋದು ಮೇಲಿಂದ, ಅಷ್ಟು ಹತ್ರದಿಂದನೂ ಅಲ್ಲ. ಇಡೀ ಕುಳಿ ನಮಗೆ ಸುಮಾರು 50 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಅಷ್ಟೇ. ಒಂದು ಆರ್ಕ್‌ಸೆಕೆಂಡ್ ಅಂದ್ರೆ ಅಲ್ಲಿ ಸುಮಾರು 1.9 ಕಿಮೀ, ಹಾಗಾಗಿ 100 ಮಿಮೀ ಟೆಲಿಸ್ಕೋಪಲ್ಲಿ ಎರಡು ಮೂರು ಕಿಮೀಗಿಂತ ಚಿಕ್ಕ ಕುಳಿ ಕಂಡೆ ಅಂತ ಅನ್ನಿಸಿದ್ರೆ ಸ್ವಲ್ಪ ಅನುಮಾನ ಪಡಿ.

## ಹಂತ 7: ಹೊರಗಿನ ಎರಚಲು

ಕುಳಿ ಒಳಗೇ ಕಣ್ಣು ಸಿಕ್ಕಿಹಾಕ್ಕೊಂಡು ಜನ ಇದನ್ನ ಬಿಟ್ಟೇಬಿಡ್ತಾರೆ, ನನಗೆ ಕೇಳಿದ್ರೆ ಕತೆ ಇರೋದೇ ಇಲ್ಲಿ.

ಅಂಚಿಂದ ಹೊರಗೆ ಸುಮಾರು 30 ಕಿಮೀ ತನಕ ಇಳಿಜಾರು, ಒರಟು ನೆಲ, ಒಟ್ಟು ಇಳಿತ ಒಂದು ಕಿಮೀ ಹತ್ರ. ಗುಂಡಿಯಿಂದ ಹೊರಗೆ ಬಿದ್ದ ಸರಕು ದಪ್ಪಗೆ ಪೇರಿಸ್ಕೊಂಡ ಜಾಗ ಅದು. ಅದರಾಚೆಗೆ ಕುಳಿಯಿಂದ ಹೊರಮುಖವಾಗಿ ಗೀರು ಗೀರು ಶುರು ಆಗತ್ತೆ. ಇನ್ನೂ ಆಚೆಗೆ ಮರಿಕುಳಿಗಳು, ಕೋಪರ್ನಿಕಸ್ಸಿಂದ ಹಾರಿದ ಬಂಡೆಗಳೇ ಬಿದ್ದು ಆಗಿದ್ದು. ಇವು ಒಂಟಿಯಾಗಿ ಇರಲ್ಲ, ಗುಂಪಾಗಿ, ಸಾಲಾಗಿ ಇರ್ತವೆ, ದುಂಡಗಿನ ಬದಲು ಉದ್ದುದ್ದ, ಆಳನೂ ಕಮ್ಮಿ. ಯಾಕಂದ್ರೆ ಬಂದು ಬಿದ್ದ ವೇಗ ಕಮ್ಮಿ, ಓರೆಯಾಗಿ ಬಿದ್ದಿದ್ದು.

ಸ್ಟೇಡಿಯಸ್ಸಿನ ಪಶ್ಚಿಮದ ಅಂಚಿನ ಹತ್ರ ಇಂಥ ಒಂದು ಸಾಲು ಉತ್ತರಕ್ಕೆ ಮೇರೆ ಇಂಬ್ರಿಯಂ ಕಡೆ ಹೋಗತ್ತೆ, ಚಿಕ್ಕ ಟೆಲಿಸ್ಕೋಪಲ್ಲಿ ಒಡೆದ ಗೆರೆ ಥರ, ದೊಡ್ಡದರಲ್ಲಿ ಒಂದೊಂದೇ ಕುಳಿ ಬಿಡಿಯಾಗಿ ಕಾಣತ್ತೆ. ಸಾಮಾನ್ಯ ತಪ್ಪು ಏನಂದ್ರೆ ಇದನ್ನ ಬಿರುಕು ಅಂತ ಬರ್ಕೊಳ್ಳೋದು. ಪವರ್ ಜಾಸ್ತಿ ಮಾಡಿದಾಗ ಗೆರೆ ಮಣಿ ಮಣಿ ಆದ್ರೆ ಅದು ಬಿರುಕಲ್ಲ.

ಏಕಾದಶಿ ದಿನ ಪಶ್ಚಿಮಕ್ಕೆ ಹೋಗಿ ಹಾರ್ಟೆನ್ಸಿಯಸ್ ಅನ್ನೋ ಚಿಕ್ಕ ಕುಳಿ ಹುಡುಕಿ. ಅದರ ಉತ್ತರಕ್ಕೆ ಆರು ತಗ್ಗು ದಿಬ್ಬ ಇವೆ, ಹಳೇ ಲಾವಾ ನಿಧಾನವಾಗಿ ಉಬ್ಬಿ ಆಗಿದ್ದು, ಎತ್ತರ ಕೆಲವು ನೂರು ಮೀಟರ್ ಅಷ್ಟೇ. ಇವುಗಳಿಗೂ ಕೋಪರ್ನಿಕಸ್ ಡಿಕ್ಕಿಗೂ ಸಂಬಂಧ ಇಲ್ಲ, ಆದ್ರೆ ಗುಂಡಿ-ಗುಡ್ಡದ ಪರೀಕ್ಷೆ ಇಲ್ಲಿ ಮಾಡಿ ನೋಡೋಕೆ ಚೆನ್ನಾಗಿದೆ. ಸೂರ್ಯ ಸ್ವಲ್ಪ ಮೇಲೆ ಹೋದ್ರೂ ಕಾಣಲ್ಲ.

## ಹಂತ 8: ಹುಣ್ಣಿಮೆ ದಿನ ಕಿರಣ ಮಾತ್ರ

ಕಮ್ಮಿ ಪವರ್, ಬೈನಾಕ್ಯುಲರ್ ಆದ್ರೂ ಸಾಕು. ಕೋಪರ್ನಿಕಸ್ ಸುತ್ತ ಬಿಳಿ ಕಿರಣ ಸುಮಾರು 800 ಕಿಮೀ ತನಕ ಹರಡಿದೆ, ದಕ್ಷಿಣದ ಟೈಕೋ ಕುಳಿದು ನೇರ ಗೆರೆ, ಇದರದ್ದು ಸಿಕ್ಕು ಸಿಕ್ಕು. ಪಶ್ಚಿಮದಲ್ಲಿ ಕೆಪ್ಲರ್ ಕುಳಿಯ ಕಿರಣ ಬಂದು ಇದರ ಜೊತೆ ಸೇರ್ಕೊಳ್ಳತ್ತೆ. ಆಮೇಲೆ ಎರಟೋಸ್ತನೀಸ್ ಹುಡುಕಿ ನೋಡಿ, ನವಮಿ ದಿನ ಅಷ್ಟು ಎದ್ದು ಕಾಣ್ತಿದ್ದ ಕುಳಿ ಈಗ ಎಲ್ಲಿ ಅಂತಾನೇ ಗೊತ್ತಾಗಲ್ಲ. 1969ರ ನವೆಂಬರಲ್ಲಿ ಅಪೊಲೋ 12 ಇಳಿದಿದ್ದು ಇಂಥ ಒಂದು ಕಿರಣದ ಮೇಲೆ, 80 ಕೋಟಿ ವರ್ಷ ಅನ್ನೋ ಲೆಕ್ಕಕ್ಕೆ ಅಲ್ಲಿಂದ ತಂದ ಮಣ್ಣೇ ಆಧಾರ.

## ಹಂತ 9: ನೆರಳು ಹಿಡಿದು ಆಳ ಲೆಕ್ಕ ಹಾಕಿ

ಇದು ಬೇಕಾದ್ರೆ ಮಾಡಿ, ಆದ್ರೆ ಮಾಡಿದ್ರೆ ಮಜಾ ಇದೆ. ಸಾಫ್ಟ್‌ವೇರಲ್ಲಿ ಆ ಹೊತ್ತಿಗೆ ಕುಳಿ ಮೇಲೆ ಸೂರ್ಯ ಎಷ್ಟು ಡಿಗ್ರಿ ಎತ್ತರ ಅಂತ ನೋಡ್ಕೊಳ್ಳಿ. ಪೂರ್ವದ ಅಂಚಿಂದ ನೆರಳಿನ ತುದಿ ತನಕ ಕುಳಿ ಅಗಲದ ಎಷ್ಟು ಭಾಗ ಅಂತ ಫೋಟೋದಲ್ಲಿ ಅಳೀರಿ. ಅದನ್ನ 93ರಿಂದ ಗುಣಿಸಿದ್ರೆ ನೆರಳಿನ ಉದ್ದ ಕಿಮೀನಲ್ಲಿ. ಆ ಉದ್ದಕ್ಕೆ ಸೂರ್ಯನ ಎತ್ತರದ ಟ್ಯಾನ್ ಗುಣಿಸಿ. ಉದಾಹರಣೆಗೆ ಸೂರ್ಯ 5 ಡಿಗ್ರಿ, ನೆರಳು 43 ಕಿಮೀ ಅಂದ್ರೆ 43 × 0.0875, ಹತ್ರತ್ರ 3.8 ಕಿಮೀ.

ನೆರಳಿನ ತುದಿ ಮೆಟ್ಟಿಲ ಮೇಲೋ ನಡುಬೆಟ್ಟದ ಮೇಲೋ ಬಿದ್ದಿದ್ರೆ ಲೆಕ್ಕ ತಪ್ಪತ್ತೆ, ಚಪ್ಪಟೆ ತಳದಲ್ಲೇ ಬಿದ್ದಿರ್ಬೇಕು. ಅಂಚು ಎಲ್ಲಾ ಕಡೆ ಒಂದೇ ಎತ್ತರ ಇಲ್ಲದೇ ಇರೋದ್ರಿಂದ ನೆರಳಿಗೆ ಹಲ್ಲು ಹಲ್ಲು ಇರತ್ತೆ, ಒಂದೇ ಚೂಪು ತುದಿ ಹಿಡ್ಕೊಂಡು ಅಳೀಬೇಡಿ.

## ಹಂತ 10: ಬರೆದಿಡೋದು, ಫೋಟೋ

ಚಿತ್ರ ಬರೆಯೋದಾದ್ರೆ ಕುಳಿಯ ಹೊರಗೆರೆ ಮನೇಲೇ ಮ್ಯಾಪ್ ನೋಡಿ ಹಾಕ್ಕೊಂಡು ಬನ್ನಿ. ಐಪೀಸ್ ಹತ್ರ ಕೂತಾಗ ನೆರಳು ಮೊದಲು, ಪಕ್ಕದಲ್ಲಿ ಟೈಮು, ವಿವರ ಆಮೇಲೆ. ಅರ್ಧ ಗಂಟೆ ಮೀರಿದ್ರೆ ನೆರಳು ಸರಿದಿರತ್ತೆ, ಮೊದಲು ಬರೆದಿದ್ದು ಕೊನೇಲಿ ಬರೆದಿದ್ದು ಹೊಂದಲ್ಲ.

ಫೋನ್ ಫೋಟೋಗೆ ಕೈಯಲ್ಲಿ ಹಿಡೀಬೇಡಿ, ಐಪೀಸಿಗೆ ಸಿಗಿಸೋ ಹೋಲ್ಡರ್ ಬಳಸಿ, ಎಕ್ಸ್‌ಪೋಷರ್ ಲಾಕ್ ಮಾಡಿ, ಪಶ್ಚಿಮದ ಗೋಡೆ ಬೆಳ್ಳಗೆ ಸುಟ್ಟುಹೋಗದಷ್ಟು ಕಮ್ಮಿ ಮಾಡಿ. ಒಂದು ಫೋಟೋ ಬದಲು ವಿಡಿಯೋ ತೆಗೆದು ಆಟೋಸ್ಟ್ಯಾಕರ್ಟ್ ಥರದ ಸಾಫ್ಟ್‌ವೇರಲ್ಲಿ ಒಳ್ಳೇ ಫ್ರೇಮುಗಳನ್ನ ಸೇರಿಸಿದ್ರೆ ಎಷ್ಟೋ ಮೇಲು. ಆಮೇಲೆ ಶಾರ್ಪ್ ಮಾಡೋವಾಗ ಕೈ ಹಿಡಿತದಲ್ಲಿರ್ಲಿ. ಅಂಚಿನ ಪಕ್ಕ ಬಿಳಿ ಗೆರೆ ಜೊತೆ ಇನ್ನೊಂದು ಕಪ್ಪು ಗೆರೆ ಹುಟ್ಟಿದ್ರೆ, ಅಥವಾ ನುಣ್ಣಗಿದ್ದ ತಳದಲ್ಲಿ ಇದ್ದಕ್ಕಿದ್ದಂಗೆ ಪುಟ್ಟ ಕುಳಿಗಳು ಬಂದ್ರೆ, ಅದು ಚಂದ್ರನಲ್ಲಿಲ್ಲ, ಸಾಫ್ಟ್‌ವೇರಲ್ಲಿದೆ.

## ಹಂತ 11: ಬೆಳಗಿನ ಜಾವದ ಸುತ್ತು

ಕೃಷ್ಣ ನವಮಿ-ದಶಮಿಗೆ ಎಲ್ಲಾ ಉಲ್ಟಾ: ಸೂರ್ಯ ಪಶ್ಚಿಮದಲ್ಲಿ, ಪಶ್ಚಿಮದ ಒಳಗೋಡೆ ಕಪ್ಪು, ಪೂರ್ವದ ಮೆಟ್ಟಿಲುಗಳು ಬೆಳಕಲ್ಲಿ. ಶುಕ್ಲ ದಶಮಿ ದಿನ ನೆರಳಲ್ಲಿ ಮುಳುಗಿದ್ದ ಅರ್ಧ ಈಗ ತುಂಬ್ಕೊಳ್ಳಬಹುದು, ಎರಡು ಚಿತ್ರ ಪಕ್ಕಪಕ್ಕ ಇಟ್ಟಾಗಲೇ ಕುಳಿ ಪೂರ್ತಿ ಆಗೋದು. ಗುಂಡಿ-ಗುಡ್ಡದ ಗೊಂದಲ ಮತ್ತೆ ಬರತ್ತೆ, ಸೂರ್ಯನ ದಿಕ್ಕು ಬದಲಾಗಿದೆ ಅಂತ ನೆನಪಿಟ್ಕೊಳ್ಳಿ.

ಈ ಹೊತ್ತಲ್ಲಿ ನೋಡ್ತಾ ನೋಡ್ತಾ ಬೆಳಕು ಹರಿಯತ್ತೆ, ನೀಲಿ ಆಕಾಶದಲ್ಲೂ ಚಂದ್ರ ಚೆನ್ನಾಗೇ ಕಾಣೋದ್ರಿಂದ ಬಿಟ್ಟು ಏಳೋಕೆ ಮನಸಾಗಲ್ಲ. ಆದ್ರೂ ಸೂರ್ಯೋದಯಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಅಲಾರಂ ಇಟ್ಕೊಂಡು, ಟೆಲಿಸ್ಕೋಪಿಗೂ ಫೈಂಡರಿಗೂ (ಗುರಿ ಹಿಡಿಯೋಕೆ ಪಕ್ಕದಲ್ಲಿರೋ ಚಿಕ್ಕ ಟೆಲಿಸ್ಕೋಪ್) ಮುಚ್ಚಳ ಹಾಕಿ. ಟ್ಯೂಬ್ ತಿರುಗಿಸೋವಾಗ ಒಂದು ಕ್ಷಣ ಸೂರ್ಯ ಅಡ್ಡ ಬಂದ್ರೂ ಕಣ್ಣು ಹೋಗತ್ತೆ, ಮಕ್ಕಳು ಹತ್ರ ಇದ್ರಂತೂ ಟೆಲಿಸ್ಕೋಪನ್ನ ಹಾಗೇ ಬಿಟ್ಟು ಕಾಫಿಗೆ ಹೋಗ್ಬೇಡಿ.